ಭಿಕ್ಷುಕರ ಚಿತ್ರವೆಂದು ಹಳಿದವರಿಗೆ

ಬಡವರ ಚಿತ್ರ ತೆಗೆಯುವುದೆಂದರೆ ಬಡವರನ್ನು ಅವಮಾನಿಸುವುದು ಎಂಬ ಮಾತು ಈಚೆಗೆ ತಿಳಿದವರೆನಿಸಿಕೊಂಡವರ ನಡುವೆ ಒಂದು ಸೂತ್ರವಾಗಿಬಿಟ್ಟಿದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಅಂಥ ಚಿತ್ರಗಳು ವರದಿಯಾದಾವು, ಕಲೆಯಾಗಲಾರವು, ಕಲೆಗೆ ಬೇಕಾದದ್ದು ಸೌಂದರ್ಯ. ಈ ಎರಡು ಮಾತುಗಳನ್ನೂ ಒಂದೇ ಉಸಿರಿನಲ್ಲಿ ಆಡುವವರನ್ನು ನಾನು ಕಂಡಿದ್ದೇನೆ. ಒಂದು ಮಾತು ಕರುಣೆಯ ವೇಷದಲ್ಲಿ ಬರುತ್ತದೆ, ಇನ್ನೊಂದು ಅಭಿರುಚಿಯ ವೇಷದಲ್ಲಿ. ಎರಡರ ಒಳಗಿರುವ ಬಯಕೆ ಮಾತ್ರ ಒಂದೇ: ನಾವು ನೋಡದೆ ಇರಬೇಕು, ನೋಡದಿದ್ದುದಕ್ಕೆ ನಮ್ಮನ್ನು ಯಾರೂ ಕೇಳಬಾರದು.

ಈ ವಾದಕ್ಕೆ ಉತ್ತರವಾಗಿ ನಾನು ಜಪಾನಿನ ಒಬ್ಬ ಛಾಯಾಗ್ರಾಹಕನ ಬದುಕನ್ನು ನಿಮ್ಮ ಮುಂದೆ ಇಡುತ್ತೇನೆ. ಆತನ ಹೆಸರು ಕೆನ್ ದೊಮೊನ್. 1909ರಲ್ಲಿ ಜಪಾನಿನ ಈಶಾನ್ಯ ಭಾಗದ ಯಮಗಾತಾ ಪ್ರಾಂತದ ಸಕಾತಾ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದವನು. ಎಳವೆಯಲ್ಲಿ ಚಿತ್ರಕಾರನಾಗಬೇಕೆಂಬ ಹಂಬಲವಿತ್ತು, ಅದು ಕೈಗೂಡಲಿಲ್ಲ. 1933ರಲ್ಲಿ ತೋಕಿಯೋದ ಉಎನೊ ಪ್ರದೇಶದ ಒಂದು ಭಾವಚಿತ್ರದ ಸ್ಟುಡಿಯೋದಲ್ಲಿ ಕೆಲಸ ಕಲಿಯುವ ಹುಡುಗನಾಗಿ ಸೇರಿದನು. 1935ರಲ್ಲಿ ಯೋನೊಸುಕೆ ನತೋರಿ ನಡೆಸುತ್ತಿದ್ದ ನಿಪ್ಪೋನ್ ಕೋಬೊ ಸಂಸ್ಥೆಗೆ ಬಂದನು. ಜಪಾನಿನ ವೈಭವವನ್ನು ಹೊರದೇಶಗಳಿಗೆ ತೋರಿಸುವ ಪತ್ರಿಕೆಯೊಂದನ್ನು ಆ ಸಂಸ್ಥೆ ಹೊರತರುತ್ತಿತ್ತು. ಅಂದರೆ ದೊಮೊನ್ ತನ್ನ ವಿದ್ಯೆ ಕಲಿತದ್ದು ಪ್ರಚಾರದ ಪಾಠಶಾಲೆಯಲ್ಲಿ. ಯುದ್ಧಕ್ಕೆ ಸಜ್ಜಾಗುತ್ತಿದ್ದ ಒಂದು ರಾಷ್ಟ್ರಕ್ಕೆ ಎಂಥ ಚಿತ್ರಗಳು ಬೇಕಾಗುತ್ತವೆ, ಅವನ್ನು ಹೇಗೆ ಜೋಡಿಸುತ್ತಾರೆ, ಹೇಗೆ ಹೊಳಪು ಕೊಡುತ್ತಾರೆ ಎಂಬುದೆಲ್ಲ ಅವನಿಗೆ ಒಳಗಿನಿಂದಲೇ ಗೊತ್ತಿತ್ತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಮುಂದೆ ಅವನು ಹಿಡಿದ ಹಟಕ್ಕೆ ಬೇರು ಇಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ.

1945ರಲ್ಲಿ ಯುದ್ಧ ಮುಗಿಯಿತು. ನಗರಗಳು ಸುಟ್ಟು ಹೋಗಿದ್ದವು. ಬೀದಿಯಲ್ಲಿ ಅನಾಥ ಮಕ್ಕಳು, ಕೈಕಾಲು ಕಳೆದುಕೊಂಡ ಮಾಜಿ ಸೈನಿಕರು, ಬೂಟು ಪಾಲಿಶ್ ಮಾಡುವ ಹುಡುಗರು. 1950ರಿಂದ ದೊಮೊನ್ 'ಕ್ಯಾಮೆರಾ' ಎಂಬ ಮಾಸಪತ್ರಿಕೆಯ ಸ್ಪರ್ಧೆಗೆ ತೀರ್ಪುಗಾರನಾದನು. ಹವ್ಯಾಸಿಗಳು ತಿಂಗಳು ತಿಂಗಳೂ ಕಳಿಸುತ್ತಿದ್ದ ಚಿತ್ರಗಳನ್ನು ಆರಿಸಿ ಅವಕ್ಕೆ ಟಿಪ್ಪಣಿ ಬರೆಯುವ ಕೆಲಸ ಅದು. ಮೇಲುನೋಟಕ್ಕೆ ಸಣ್ಣದು, ಆದರೆ ಮೇಷ್ಟರು ಹಾಳೆ ತಿದ್ದುವ ಕೆಲಸವನ್ನು ಸಣ್ಣದೆನ್ನುವವರು ನನ್ನ ವಿದ್ಯಾರ್ಥಿಗಳಲ್ಲಿ ಇರಲಾರರೆಂದು ನಂಬಿದ್ದೇನೆ. ಆ ಅಂಕಣದ ಮೂಲಕ ದೊಮೊನ್ ದೇಶದ ಸಾವಿರಾರು ಹವ್ಯಾಸಿಗಳಿಗೆ ಹೇಳಿದ್ದು ಇಷ್ಟೇ: ಏರ್ಪಾಡು ಬೇಡ, ನಟನೆ ಬೇಡ, ಮಸುಕು ಮಾಡಿ ಕಾವ್ಯವೆನಿಸುವುದು ಬೇಡ, ನಿಮ್ಮ ಬೀದಿಗೆ ಹೋಗಿ, ಇದ್ದುದನ್ನು ಇದ್ದಂತೆ ನೋಡಿ. ಇದಕ್ಕೆ ವಾಸ್ತವವಾದಿ ಛಾಯಾಗ್ರಹಣ ಚಳವಳಿಯೆಂಬ ಹೆಸರು ಬಂತು. ಮುಂದೆ ಜಪಾನಿನ ಬಹು ದೊಡ್ಡ ಛಾಯಾಗ್ರಾಹಕನಾದ ಶೋಮೇಯ್ ತೋಮತ್ಸು ಹುಡುಗನಾಗಿದ್ದಾಗ ಚಿತ್ರ ಕಳಿಸಿದ್ದು ಈ ಸ್ಪರ್ಧೆಗೇ.

ಹವ್ಯಾಸಿಗಳು ಬೀದಿಗೆ ಹೋದರು. ಯುದ್ಧಾನಂತರದ ಬೀದಿಯಲ್ಲಿ ಏನಿತ್ತೋ ಅದನ್ನೇ ತಂದರು. ಒಡನೆಯೇ ಟೀಕಾಕಾರರು ಮೂಗು ಮುರಿದು ಒಂದು ಹೆಸರಿಟ್ಟರು: 'ಭಿಕ್ಷುಕರ ಚಿತ್ರ'. ಅದು ಬೈಗುಳವಾಗಿ ಚಲಾವಣೆಗೆ ಬಂತು.

ಈ ಬೈಗುಳವನ್ನು ಸ್ವಲ್ಪ ಬಿಡಿಸಿ ನೋಡೋಣ. ಬೈದವರಿಗೆ ಕೋಪ ಬಂದದ್ದು ಯಾರ ಮೇಲೆ? ಛಾಯಾಗ್ರಾಹಕನ ಮೇಲೆ ಎಂದು ಅವರು ಹೇಳಿಕೊಂಡಾರು. ಆದರೆ ಪದವನ್ನು ನೋಡಿ. ಕ್ಯಾಮೆರಾ ಹಿಡಿದವನನ್ನು ಹೀಗಳೆಯಲು ಅವರು ಆರಿಸಿಕೊಂಡ ಶಬ್ದ ಭಿಕ್ಷುಕ! ಭಿಕ್ಷುಕನ ಮಾನವನ್ನು ಕಾಪಾಡಲೆಂದು ಹೊರಟವರು ಅವನ ಹೆಸರನ್ನೇ ಹೊಲಸು ಮಾಡಿ ಇನ್ನೊಬ್ಬನ ಮೇಲೆ ಎರಚಿದರು. ರಾಜನ ಭಾವಚಿತ್ರ ತೆಗೆದರೆ ರಾಜನಿಗೆ ಅವಮಾನವೆಂದು ಯಾರೂ ಹೇಳುವುದಿಲ್ಲ. ಭಿಕ್ಷುಕನ ಚಿತ್ರ ತೆಗೆದರೆ ಅವಮಾನವೆನ್ನುತ್ತಾರೆ. ಹಾಗಾದರೆ ಅವಮಾನ ಇರುವುದು ಚಿತ್ರದಲ್ಲಲ್ಲ, ಭಿಕ್ಷುಕನಾಗಿರುವುದೇ ಅವಮಾನವೆಂದು ಬಗೆದ ನೋಡುಗನ ಮನಸ್ಸಿನಲ್ಲಿ.

ಆದರೂ ವಾದವೆಂದ ಮೇಲೆ ಎದುರು ಪಕ್ಷಕ್ಕೂ ಅದರ ಪಾಲನ್ನು ಕೊಡಬೇಕು. ಬಡವರ ಚಿತ್ರಗಳಲ್ಲಿ ಕಳ್ಳತನದವೂ ಇವೆ. ಆಸ್ಪತ್ರೆಯ ರೋಗಿಗೆ ಒಂದು ಬಾಳೆಹಣ್ಣು ಕೊಡಲು ಎಂಟು ಜನ ನಿಂತು ತೆಗೆಸಿಕೊಳ್ಳುವ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ರೋಗಿ ಮನುಷ್ಯನಲ್ಲ, ದಾನಿಯ ಹಿನ್ನೆಲೆಯ ಪರದೆ. ದೂರದ ಊರಿನಿಂದ ಬಂದು, ಗುಡಿಸಲಿನ ಬಾಗಿಲಲ್ಲಿ ಕೂತ ಅಜ್ಜಿಯ ಸುಕ್ಕುಗಳನ್ನು ಬೆಳಕಿಗಾಗಿ ಮಾತ್ರ ಮೆಚ್ಚಿ, ಬಹುಮಾನಕ್ಕೆ ಕಳಿಸುವವರೂ ಇದ್ದಾರೆ. ಆದ್ದರಿಂದ ಪ್ರಶ್ನೆ ಬಡವರ ಚಿತ್ರ ತೆಗೆಯಬಹುದೇ ಬಾರದೇ ಎಂಬುದಲ್ಲ. ಯಾವ ಚಿತ್ರ ಕಳವು, ಯಾವುದು ಸಾಕ್ಷ್ಯ, ಇವೆರಡನ್ನೂ ಬೇರೆ ಮಾಡುವ ಒರೆಗಲ್ಲು ಯಾವುದು ಎಂಬುದು. ದೊಮೊನ್‌ನ ಎರಡು ಪುಸ್ತಕಗಳು ನನಗೆ ಆ ಒರೆಗಲ್ಲಾಗಿ ಕಾಣುತ್ತವೆ.

ಮೊದಲನೆಯದು 'ಹಿರೋಶಿಮಾ'. ಅಣುಬಾಂಬು ಬಿದ್ದದ್ದು 1945ರಲ್ಲಿ. ದೊಮೊನ್ ಆ ನಗರಕ್ಕೆ ಮೊದಲು ಕಾಲಿಟ್ಟದ್ದು 1957ರ ಜುಲೈನಲ್ಲಿ, ಹನ್ನೆರಡು ವರ್ಷಗಳ ನಂತರ. ಅಮೆರಿಕದ ಆಕ್ರಮಣ ಆಡಳಿತವಿದ್ದಷ್ಟು ಕಾಲ ಬಾಂಬಿನ ಹಾನಿಯ ಚಿತ್ರಗಳಿಗೆ ತಡೆಯಿತ್ತು. 1952ರಲ್ಲಿ ಆ ಆಡಳಿತ ಕೊನೆಗೊಂಡ ಮೇಲೆಯೇ ಜನಸಾಮಾನ್ಯರು ಪತ್ರಿಕೆಗಳಲ್ಲಿ ಅವನ್ನು ವ್ಯಾಪಕವಾಗಿ ಕಂಡದ್ದು. 1957ರ ಹೊತ್ತಿಗೆ ದೇಶ ಮುಂದೆ ಸಾಗುವ ಅವಸರದಲ್ಲಿತ್ತು. ಹಿರೋಶಿಮಾ ಮುಗಿದ ಕಥೆಯೆಂದು ಹಲವರು ಬಗೆದಿದ್ದರು. ಅಲ್ಲಿ ಹೋದ ದೊಮೊನ್‌ಗೆ ಆ ಕಥೆ ಮುಗಿದಿಲ್ಲವೆಂಬುದು ಕಂಡಿತು. ಆತ ಮತ್ತೆ ಮತ್ತೆ ಹೋದನು, ಸಾವಿರಗಟ್ಟಲೆ ಚಿತ್ರ ತೆಗೆದನು. 1958ರಲ್ಲಿ ಪುಸ್ತಕ ಹೊರಬಂತು.

ಅದರಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಚರ್ಮ ಕಸಿ ಮಾಡುವ ಚಿತ್ರಗಳಿವೆ. ಅವನ್ನು ನೋಡುವುದು ಕಷ್ಟ. ಹಾಗೆಯೇ, ಬಾಂಬಿನಿಂದ ಸುಟ್ಟು ಬದುಕುಳಿದು ಮದುವೆಯಾದ ಗಂಡಹೆಂಡಿರು ತಮ್ಮ ಕೂಸಿನೊಡನೆ ನಗುತ್ತಿರುವ ಚಿತ್ರವೂ ಇದೆ. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟದ್ದೇ ದೊಮೊನ್‌ನ ನ್ಯಾಯ. ಬರಿಯ ಗಾಯ ತೋರಿಸಿದ್ದರೆ ಅವರು ಗಾಯಗಳಾಗಿಯೇ ಉಳಿಯುತ್ತಿದ್ದರು. ಬರಿಯ ನಗು ತೋರಿಸಿದ್ದರೆ ಬಾಂಬು ಹಾಕಿದವರಿಗೂ, ಮರೆಯಬಯಸಿದವರಿಗೂ ಸಮಾಧಾನವಾಗುತ್ತಿತ್ತು. ಕೆನ್ಜಾಬುರೊ ಓಎಯಂತಹ ಲೇಖಕ ಈ ಪುಸ್ತಕವನ್ನು ಮೆಚ್ಚಿದ್ದು ಸುಮ್ಮನೆ ಅಲ್ಲ. ಸತ್ತವರ ಹಿರೋಶಿಮಾವನ್ನು ಅನೇಕರು ತೋರಿಸಿದ್ದರು. ದೊಮೊನ್ ತೋರಿಸಿದ್ದು ಬದುಕಿರುವವರ ಹಿರೋಶಿಮಾವನ್ನು.

ಎರಡನೆಯದು 'ಚಿಕುಹೊದ ಮಕ್ಕಳು'. ಚಿಕುಹೊ ಎಂಬುದು ಕ್ಯೂಶೂ ದ್ವೀಪದ ಫುಕುಓಕಾ ಪ್ರಾಂತದ ಕಲ್ಲಿದ್ದಲ ಸೀಮೆ. ಮೇಯ್ಜಿ ಕಾಲದಿಂದಲೂ ಜಪಾನಿನ ಕಾರ್ಖಾನೆಗಳಿಗೂ ರೈಲುಗಳಿಗೂ ಇಂಧನ ಕೊಟ್ಟ ನೆಲ. 1950ರ ದಶಕದ ಕೊನೆಯಲ್ಲಿ ದೇಶವು ಕಲ್ಲಿದ್ದಲನ್ನು ಬಿಟ್ಟು ಎಣ್ಣೆಯ ಕಡೆಗೆ ತಿರುಗಿತು. ಸಣ್ಣ ಗಣಿಗಳು ಒಂದರ ಹಿಂದೊಂದು ಮುಚ್ಚಿದವು. ಕೆಲಸ ಕಳೆದುಕೊಂಡ ಕುಟುಂಬಗಳು ಗಣಿಯವರು ಕಟ್ಟಿಸಿದ್ದ ಸಾಲುಮನೆಗಳಲ್ಲೇ ಉಳಿದವು. ಬೇರೆಡೆಗೆ ಹೋಗಲು ಅವರಿಗೆ ದಾರಿಯಿರಲಿಲ್ಲ. 1959ರಲ್ಲಿ ಅವರ ನೆರವಿಗಾಗಿ 'ಕಪ್ಪು ಗರಿ' ಎಂಬ ನಿಧಿಸಂಗ್ರಹ ಆಂದೋಲನವೇ ನಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೊಮೊನ್ ಅಲ್ಲಿಗೆ ಹೋದನು.

ಅವನು ಹೆಚ್ಚಾಗಿ ತೆಗೆದದ್ದು ಮಕ್ಕಳನ್ನು. ತಾಯಿಯಿಲ್ಲದ ಇಬ್ಬರು ಪುಟ್ಟ ಅಕ್ಕತಂಗಿಯರು, ಕಲ್ಲಿದ್ದಲ ಗುಡ್ಡೆಯಲ್ಲಿ ಚೂರು ಆಯುವ ಎಳೆಯ ಕೈಗಳು. ಒಂದು ಚಿತ್ರದ ಬಗ್ಗೆ ಮಾತ್ರ ಇಲ್ಲಿ ವಿವರವಾಗಿ ಹೇಳುತ್ತೇನೆ. ಶಾಲೆಯ ತರಗತಿ, ಮಧ್ಯಾಹ್ನದ ಹೊತ್ತು. ಸಹಪಾಠಿಗಳು ಬುತ್ತಿ ಬಿಚ್ಚಿ ಉಣ್ಣುತ್ತಿದ್ದಾರೆ. ಬುತ್ತಿ ತರಲಾಗದ ಮಕ್ಕಳು ಪುಸ್ತಕವನ್ನು ಮುಖದ ಮುಂದೆ ಹಿಡಿದು ಓದುತ್ತಿದ್ದಾರೆ. ಅಲ್ಲಿ ಕಣ್ಣೀರಿಲ್ಲ. ಯಾರೂ ಕೈ ಚಾಚಿಲ್ಲ. ಓದಿನ ನೆಪದಲ್ಲಿ ಒಂದು ಮಗು ತನ್ನ ಮಾನವನ್ನು ತಾನೇ ಕಾಯ್ದುಕೊಳ್ಳುತ್ತಿದೆ, ಅಷ್ಟೇ.

ಈ ಚಿತ್ರವನ್ನು ನೋಡಿ ಇದು ಕಲೆಯಲ್ಲವೆನ್ನುವವರಿಗೆ ನಾನು ಏನು ಹೇಳಲಿ? ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಗುವುದಕ್ಕೆ ಮುನ್ನ ಶಾಲೆಯಲ್ಲಿ ಪಾಠ ಹೇಳಿದ ಯಾವ ಮೇಷ್ಟರಿಗಾದರೂ ಆ ಮಗುವಿನ ಪರಿಚಯವಿದೆ. ಊಟದ ಗಂಟೆ ಹೊಡೆದೊಡನೆ ಎಲ್ಲರಿಗಿಂತ ಮೊದಲು ಹೊರಗೆ ಓಡುವ ಹುಡುಗ, ಆಟದ ಹುಮ್ಮಸ್ಸಿನಿಂದ ಓಡುತ್ತಿದ್ದಾನೆಂದು ಬೇರೆಯವರು ತಿಳಿಯಲಿ ಎಂಬಂತೆ ಓಡುವವನು. ನಲ್ಲಿಯ ಬಳಿ ಹೊಟ್ಟೆ ತುಂಬ ನೀರು ಕುಡಿದು ಬಂದು ಕೂರುವ ಹುಡುಗಿ. ಹಸಿವನ್ನು ಬಚ್ಚಿಡುವ ಈ ಜಾಣ್ಮೆಯನ್ನು ಕಾಣಲು ಕಣ್ಣಿಗೆ ಅಭ್ಯಾಸ ಬೇಕು. ಅಳುವ ಮಗುವಿನ ಚಿತ್ರವನ್ನು ಯಾರೂ ತೆಗೆದಾರು. ಓದುತ್ತಿರುವ ಮಗು ಹಸಿದಿದೆಯೆಂದು ಕಂಡುಹಿಡಿಯುವುದೇ ಕಲಾವಿದನ ಕೆಲಸ. ಇದನ್ನು ಬರಿಯ ವರದಿಯೆಂದರೆ ಕಲೆಯೆಂಬ ಶಬ್ದಕ್ಕೆ ಅರ್ಥವೇನು ಉಳಿಯಿತು?

ಇನ್ನು ಆ ಪುಸ್ತಕದ ರೂಪವನ್ನು ನೋಡಿ. 'ಹಿರೋಶಿಮಾ' ಬೆಲೆ ಹೆಚ್ಚಿನ ಪುಸ್ತಕವಾಗಿತ್ತು, ಕೊಳ್ಳಬಲ್ಲವರು ಕೊಂಡರು. 'ಚಿಕುಹೊದ ಮಕ್ಕಳು' ಬಂದದ್ದು 1960ರ ಜನವರಿಯಲ್ಲಿ, ಒರಟು ಕಾಗದದ ಮೇಲೆ ಅಚ್ಚಾಗಿ, 100 ಯೆನ್ ಬೆಲೆಗೆ. ಛಾಯಾಗ್ರಾಹಕರು ಮಸಿಯ ಹೊಳಪಿಗಾಗಿ, ನುಣುಪು ಕಾಗದಕ್ಕಾಗಿ ಮುದ್ರಣಾಲಯದೊಡನೆ ಜಗಳವಾಡುವುದು ಲೋಕರೂಢಿ. ದೇಶದ ಅತಿ ಪ್ರಸಿದ್ಧ ಛಾಯಾಗ್ರಾಹಕನೊಬ್ಬ ತನ್ನ ಚಿತ್ರಗಳನ್ನು ತಾನಾಗಿಯೇ ಅಗ್ಗದ ಕಾಗದಕ್ಕೆ ಒಪ್ಪಿಸಿದನು. ಸಾಮಾನ್ಯರು ಕೈಯಲ್ಲಿ ಸುತ್ತಿ ಹಿಡಿದು ಮನೆಗೆ ಒಯ್ಯಬಹುದಾದ ಪುಸ್ತಕವಾಗಲೆಂಬುದು ಅವನ ಆಸೆ. ಒಂದು ಲಕ್ಷಕ್ಕೂ ಮೀರಿ ಪ್ರತಿಗಳು ಹೋದವು. ಅದೇ ವರ್ಷ ಆ ಅಕ್ಕತಂಗಿಯರ ತಂದೆ ತೀರಿಕೊಂಡ ಮೇಲೆ, ಅವರನ್ನು ಕುರಿತೇ ಇನ್ನೊಂದು ಪುಸ್ತಕವನ್ನೂ ತಂದನು.

ಒರೆಗಲ್ಲು ಇಲ್ಲಿದೆಯೆಂದು ನಾನು ಹೇಳುವುದು ಇದಕ್ಕಾಗಿ. ಕಳವಿನ ಚಿತ್ರ ಬಡವನಿಂದ ತೆಗೆದುದನ್ನು ಉಳ್ಳವನ ಗೋಡೆಗೆ ಸಾಗಿಸುತ್ತದೆ. ಸಾಕ್ಷ್ಯದ ಚಿತ್ರ ಚಿತ್ರದೊಳಗಿನವನಂಥವರೇ ಕೊಳ್ಳಬಹುದಾದ ಬೆಲೆಗೆ ಬೀದಿಗೆ ಬರುತ್ತದೆ. ಕಳವಿನ ಚಿತ್ರಕ್ಕೆ ಒಮ್ಮೆ ನೋಡಿದರೆ ಸಾಕು. ಸಾಕ್ಷ್ಯ ನುಡಿಯುವವನು ಆ ಮಕ್ಕಳಿಗೆ ಮುಂದೇನಾಯಿತೆಂದು ಮತ್ತೆ ವಿಚಾರಿಸುತ್ತಾನೆ. ಗ್ಯಾಲರಿಗಳಲ್ಲಿ ಹರಾಜಿಗೆ ನಿಂತು, ಚಿತ್ರದ ಬೆಲೆಯೇ ಅದರ ಯೋಗ್ಯತೆಯೆಂದು ಸಾರುವ ಕಲಾಲೋಕಕ್ಕೆ ಆ 100 ಯೆನ್‌ನ ಪುಸ್ತಕವೊಂದು ಉತ್ತರ.

ಮಕ್ಕಳ ಅನುಮತಿಯ ಪ್ರಶ್ನೆ ಉಳಿಯುತ್ತದೆ. ತಮ್ಮ ಬಡತನದ ಮುಖ ಲಕ್ಷ ಮನೆಗಳಿಗೆ ಹೋಗಲೆಂದು ಎಳೆಯ ಮಕ್ಕಳು ಒಪ್ಪಿಗೆ ಕೊಡಬಲ್ಲರೇ? ಕೊಡಲಾರರು. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ಛಾಯಾಗ್ರಾಹಕನೂ ಅದನ್ನು ಹಗುರವಾಗಿ ಕಾಣಬಾರದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ಏನಿದೆಯೆಂದು ನೋಡಬೇಕು. ಆ ಮಕ್ಕಳ ತಂದೆಯ ಗಣಿಯನ್ನು ಮುಚ್ಚುವಾಗ ಅವರ ಅನುಮತಿಯನ್ನು ಯಾರು ಕೇಳಿದ್ದರು? ಕೇಳದೆ ಹಸಿವನ್ನು ಕೊಟ್ಟ ಲೋಕವು, ಆ ಹಸಿವು ಹೊರಗೆ ಕಾಣುವ ಹೊತ್ತಿಗೆ ಮಾತ್ರ ಅನುಮತಿಯ ಮಾತೆತ್ತಿದರೆ ಅದು ಮಕ್ಕಳ ಮೇಲಿನ ಪ್ರೀತಿಯಿಂದ ಬಂದ ಮಾತಲ್ಲ.

ದೊಮೊನ್‌ನ ಭಕ್ತರಿಗೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವನ ನಿಯಮವನ್ನು ಕೆಲವರು ಶಾಸನವಾಗಿಸಿಕೊಂಡರು. ಏರ್ಪಾಡು ಮಾಡಿ ತೆಗೆದ ಚಿತ್ರವೆಲ್ಲ ಸುಳ್ಳೆಂದರು. ಇದೂ ಅತಿರೇಕವೇ. ಶೋಜಿ ಉಯೆದಾ ಎಂಬ ಇನ್ನೊಬ್ಬ ಮಹನೀಯನಿದ್ದನು. ಜಪಾನ್ ಸಮುದ್ರದ ದಂಡೆಯ ತನ್ನೂರಿನಲ್ಲೇ ಸ್ಟುಡಿಯೋ ಇಟ್ಟುಕೊಂಡು 2000ದಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಬಾಳಿದವನು. 1949ರಲ್ಲಿ ತನ್ನ ಹೆಂಡತಿ ಮಕ್ಕಳನ್ನು ಮರಳಿನ ಮೇಲೆ ಚದುರಂಗದ ಕಾಯಿಗಳಂತೆ ನಿಲ್ಲಿಸಿ ತೆಗೆದ ಅವನ ಚಿತ್ರ ಪೂರ್ತಿ ಏರ್ಪಾಡೇ; ಆದರೂ ಅದರಲ್ಲಿ ಸುಳ್ಳಿನ ಲೇಶವೂ ಇಲ್ಲ. ಅದೇ ವರ್ಷ ತೊತ್ತೊರಿಯ ಮರಳುದಿಬ್ಬಗಳ ಮೇಲೆ ಸ್ವತಃ ದೊಮೊನ್ ಉಯೆದಾನ ಕ್ಯಾಮೆರಾದ ಮುಂದೆ ನಿಂತಿದ್ದಾನೆ. ತನ್ನ ಕುಟುಂಬವನ್ನು ಆಟಕ್ಕೆ ಕರೆದು ನಿಲ್ಲಿಸುವುದು ಬೇರೆ. ಹಸಿದ ಮಗುವನ್ನು ಇನ್ನಷ್ಟು ಹಸಿದಂತೆ ಕಾಣಿಸಲು ಹೀಗೆ ನಿಲ್ಲು ಎನ್ನುವುದು ಬೇರೆ. ದೊಮೊನ್ ತಡೆದದ್ದು ಎರಡನೆಯದನ್ನು ಎಂದು ತಿಳಿದರೆ ಜಗಳವೇ ಇರುವುದಿಲ್ಲ.

ಇನ್ನೊಂದು ಆಕ್ಷೇಪ ಅವನ ಉತ್ತರಾರ್ಧದ ಬಗೆಗೆ. ಚಿಕುಹೊದ ಕೆಲಸದ ಆಸುಪಾಸಿನಲ್ಲೇ, ಐವತ್ತರ ವಯಸ್ಸಿನಲ್ಲಿ, ದೊಮೊನ್‌ಗೆ ಮೆದುಳಿನ ರಕ್ತಸ್ರಾವವಾಯಿತು. ಬಲಗೈ ಸ್ವಾಧೀನ ತಪ್ಪಿತು. ಕೈಯಲ್ಲಿ ಹಿಡಿದು ಓಡಾಡುವ ಸಣ್ಣ ಕ್ಯಾಮೆರಾ ಅವನ ಪಾಲಿಗೆ ಮುಗಿಯಿತು. ದೊಡ್ಡ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ಹಳೆಯ ಬೌದ್ಧ ದೇವಾಲಯಗಳನ್ನು ಚಿತ್ರಿಸತೊಡಗಿದನು. 1963ರಿಂದ 1975ರವರೆಗೆ 'ಕೋಜಿ ಜುನ್ರೇಯ್', ಅಂದರೆ ಹಳೆಯ ದೇಗುಲಗಳ ಯಾತ್ರೆ, ಎಂಬ ಐದು ಸಂಪುಟಗಳು ಬಂದವು. ಬೀದಿಯನ್ನು ಬಿಟ್ಟು ಗುಡಿ ಸೇರಿದ, ಹೋರಾಟದಿಂದ ಸೌಂದರ್ಯಕ್ಕೆ ಪಲಾಯನ ಮಾಡಿದ ಎಂದರು ಕೆಲವರು.

ಹೀಗೆನ್ನುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ನಾರಾ ಪ್ರಾಂತದ ಬೆಟ್ಟಗಳ ನಡುವಿನ ಮುರೋಜಿ ದೇವಾಲಯಕ್ಕೆ ದೊಮೊನ್ ಮೊದಲು ಹೋದದ್ದು 1939ರಲ್ಲಿ. ಅದು ಕಾಯಿಲೆಯ ನಂತರ ಹುಟ್ಟಿದ ಭಕ್ತಿಯಲ್ಲ. ಎರಡನೆಯದಾಗಿ, ಅವನು ವಿಗ್ರಹಗಳನ್ನು ನೋಡಿದ ಬಗೆಯನ್ನು ಗಮನಿಸಬೇಕು. ಬುದ್ಧನ ಇಡೀ ಮೂರ್ತಿಯನ್ನು ದೂರದಿಂದ ನಮಸ್ಕರಿಸುವ ಚಿತ್ರಗಳಿಗಿಂತ, ತೀರ ಹತ್ತಿರ ಹೋಗಿ ತುಟಿಯನ್ನು, ಬೆರಳನ್ನು, ಪಾದವನ್ನು, ಮರದ ಬಿರುಕನ್ನು ತೋರುವ ಚಿತ್ರಗಳು ಅಲ್ಲಿ ಮನಸ್ಸನ್ನು ಹಿಡಿಯುತ್ತವೆ. ಅದು ಗಣಿ ಕಾರ್ಮಿಕನ ಮಗುವಿನ ಮುಖವನ್ನು ನೋಡಿದ ದೃಷ್ಟಿಯೇ. ಮಗುವಿನ ಕೆನ್ನೆಯ ಮಸಿಯನ್ನು ಒರೆಸದವನು ವಿಗ್ರಹದ ಬಿರುಕನ್ನೂ ಮುಚ್ಚಲಿಲ್ಲ.

1968ರಲ್ಲಿ ಎರಡನೆಯ ಆಘಾತ ಅವನನ್ನು ಗಾಲಿಕುರ್ಚಿಗೆ ಕೂರಿಸಿತು. ಆಮೇಲೂ ಸಹಾಯಕರ ಹೆಗಲ ಮೇಲೆ ಮೆಟ್ಟಿಲೇರಿ ಚಿತ್ರ ತೆಗೆದನು. ಮುರೋಜಿಯನ್ನು ಹಿಮದ ಹೊದಿಕೆಯಲ್ಲಿ ನೋಡಬೇಕೆಂಬುದು ಅವನ ಬಹುಕಾಲದ ಬಯಕೆ. ಆ ಸೀಮೆಯಲ್ಲಿ ಹಿಮ ಬೇಕೆಂದಾಗ ಬೀಳುವುದಿಲ್ಲ. ಅವನು ಕಾದನು. 1978ರ ಮಾರ್ಚಿನಲ್ಲಿ, ಮೊದಲ ಭೇಟಿಯಾಗಿ ಸುಮಾರು ನಲವತ್ತು ವರ್ಷಗಳ ಮೇಲೆ, ಹಿಮ ಬಿತ್ತು, ಚಿತ್ರ ದೊರೆಯಿತು. ಮರುವರ್ಷ ಮೂರನೆಯ ಆಘಾತ. ಹನ್ನೊಂದು ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದು, 1990ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಅವನು ಹಾಸಿಗೆಯಲ್ಲಿದ್ದಾಗಲೇ, 1983ರಲ್ಲಿ, ಹುಟ್ಟೂರು ಸಕಾತಾದಲ್ಲಿ ಯೋಶಿಯೊ ತನಿಗುಚಿ ವಿನ್ಯಾಸಗೊಳಿಸಿದ ದೊಮೊನ್ ಛಾಯಾಚಿತ್ರ ಸಂಗ್ರಹಾಲಯ ತೆರೆಯಿತು. ತನ್ನ ಕೃತಿಗಳನ್ನೆಲ್ಲ ಅವನು ಆ ಊರಿಗೇ ದಾನ ಮಾಡಿದ್ದನು. ಮಾರಾಟದ ಲೆಕ್ಕ ಅಲ್ಲಿಯೂ ಇಲ್ಲ.

ಇದನ್ನು ಪಲಾಯನವೆನ್ನುವವರ ಧೈರ್ಯವನ್ನು ನಾನು ಮೆಚ್ಚಬೇಕು! ಮಗುವೊಂದು ಪುಸ್ತಕ ಸರಿಸಿ ತಲೆಯೆತ್ತುವುದನ್ನು ಕಾಯುವುದೂ, ಬೆಟ್ಟದ ಗುಡಿಯ ಮೇಲೆ ಹಿಮ ಬೀಳುವುದನ್ನು ಕಾಯುವುದೂ ಎರಡು ಬೇರೆ ವಿದ್ಯೆಗಳಲ್ಲ. ಎರಡಕ್ಕೂ ಬೇಕಾದದ್ದು, ಎದುರಿಗಿರುವುದು ತನಗಿಂತ ದೊಡ್ಡದೆಂಬ ನಂಬಿಕೆ.

ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಯ ಜೇಬಿನಲ್ಲಿ ಇಂದು ದೊಮೊನ್ ಕನಸಿನಲ್ಲೂ ಕಾಣದಂಥ ಕ್ಯಾಮೆರಾ ಇದೆ. ನೀವು ದಿನಕ್ಕೆ ಹತ್ತು ಚಿತ್ರ ತೆಗೆಯುತ್ತೀರಿ; ಅದರಲ್ಲಿ ಒಂಬತ್ತು ನಿಮ್ಮವೇ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಸಿದವನ ಚಿತ್ರ ಎದುರಾದಾಗ 'ಪಾಪ, ಅವನಿಗೆ ಅವಮಾನವಾಗುತ್ತದೆ' ಎಂದು ಬೆರಳು ಸರಿಸಿ ಮುಂದೆ ಹೋಗುವ ಮುನ್ನ, ಮುಜುಗರವಾದದ್ದು ಅವನಿಗೋ ನಿಮಗೋ ಎಂದು ಒಂದು ಕ್ಷಣ ನಿಂತು ಕೇಳಿಕೊಳ್ಳಿ. ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಬರೆದವನಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.